ಮಾತು ಮುಗಿದ ಮೇಲಿನ ಜಾಗ

ನಮ್ಮ ಊರಿನಲ್ಲಿ ಒಬ್ಬರಿಗೆ ಒಂದು ಮಾತನ್ನು ಒಮ್ಮೆ ಮಾತ್ರ ಹೇಳಲು ಆಗುತ್ತದೆ. ಅದೇ ಮಾತನ್ನು ಅದೇ ಮನುಷ್ಯನಿಗೆ ಮತ್ತೆ ಹೇಳಹೋದರೆ ತುಟಿ ಆಡುತ್ತದೆ, ದನಿ ಹೊರಡುವುದಿಲ್ಲ. ಒಂಟಿ ಪದಕ್ಕೆ ಈ ಕಟ್ಟಿಲ್ಲ. ಹಾಗಾಗಿ ವಯಸ್ಸಾದ ಗಂಡ ಹೆಂಡಿರು ‘ಊಟ’, ‘ಬಾಗಿಲು’, ‘ಮೋಡ’ ಎಂದಷ್ಟೇ ಹೇಳಿಕೊಂಡು ಸಂಸಾರ ಸಾಗಿಸುತ್ತಾರೆ. ಅಂಗಡಿಯವರು ಗಿರಾಕಿಯನ್ನು ಮಾತನಾಡಿಸುವಾಗ ನಿನ್ನೆಯ ಮಾತಿಗೆ ಇವತ್ತು ಒಂದು ‘ಮಾರಾಯ’ವನ್ನೋ ‘ಕಣಪ್ಪ’ವನ್ನೋ ಜೋಡಿಸುತ್ತಾರೆ. ಮಕ್ಕಳು ತಾಯಿಗೆ ಹಸಿವನ್ನು ತಿಳಿಸಲು ದಿನಕ್ಕೊಂದು ದಾರಿ ಹುಡುಕುತ್ತವೆ. ಹೊಟ್ಟೆಯೊಳಗೆ ಯಾರೋ ಕಸ ಗುಡಿಸುತ್ತಿದ್ದಾರೆ ಎನ್ನುತ್ತದೆ ಒಂದು, ಒಲೆ ನನ್ನನ್ನು ಕರೆಯಿತು ಎನ್ನುತ್ತದೆ ಇನ್ನೊಂದು.

ನಾನು ಓದಿದ್ದು ಬೇರೆ ಊರಿನಲ್ಲಿ. ಅಲ್ಲಿ ಈ ಕಟ್ಟಿರಲಿಲ್ಲ. ಜನ ಒಂದೇ ಮಾತನ್ನು ಒಬ್ಬರಿಗೇ ಬೇಕಾದಷ್ಟು ಸಲ ಹೇಳುತ್ತಿದ್ದರು, ಆದರೂ ಕೇಳಿಸಿಕೊಂಡವರು ಕಡಿಮೆ. ಪದವಿ ಮುಗಿಸಿಕೊಂಡು ಬಂದ ಮೇಲೆ ದರ್ಜಿಯೊಬ್ಬನ ಅಂಗಡಿಯ ಮಹಡಿಯಲ್ಲಿ ಒಂದು ಕೋಣೆ ಹಿಡಿದೆ. ದರ್ಜಿಗೂ ನನಗೂ ನಡುವೆ ಇದ್ದ ಪದಗಳು ಎರಡು, ‘ಬಾಡಿಗೆ’ ಮತ್ತು ‘ಬೀಗ’. ಊರವರು ನನ್ನನ್ನು ಮಾತಿನ ಜಿಪುಣ ಎನ್ನುತ್ತಿದ್ದರು. ಅವರಿಗೆ ನಾನು ಉಳಿಸುತ್ತಿರುವಂತೆ ಕಾಣುತ್ತಿತ್ತು. ಯಾರಿಗಾಗಿ ಉಳಿಸುತ್ತಿದ್ದೇನೆ ಎಂದು ಯಾರೂ ಕೇಳಲಿಲ್ಲ.

ಕೆಲವು ಮಾತುಗಳನ್ನು ಮಾತ್ರ ತಿದ್ದಿ ಹೇಳುವಂತಿಲ್ಲ. ಮದುವೆಯ ದಿನ ಹೇಳುವ ಮಾತು, ಪಾಲಾದ ಅಣ್ಣ ತಮ್ಮಂದಿರು ಮತ್ತೆ ಕೂಡುವಾಗ ಹೇಳುವ ಮಾತು, ಸಾಯುವವರ ತಲೆಯ ಬಳಿ ಕೂತು ಹೇಳುವ ಮಾತು. ಇವು ಹಿಂದಿನಿಂದ ಹೇಗಿವೆಯೋ ಹಾಗೆಯೇ ಬರಬೇಕು. ಕೊನೆಯದನ್ನು ನಾವು ‘ಹೊರಡುವ ಮಾತು’ ಎನ್ನುತ್ತೇವೆ. “ಹೊರಡು, ನಾನಿದ್ದೀನಿ.” ಇಷ್ಟೇ ಅದು. ಗಂಡನಿಗಾಗಲಿ ತಂದೆಗಾಗಲಿ ಏಕವಚನದಲ್ಲಿಯೇ ಹೇಳಬೇಕು. ಮನೆಯವರಲ್ಲಿ ಒಬ್ಬರು ಮಾತ್ರ ಹೇಳಬೇಕು. ಅದನ್ನು ಕೇಳದೆ ಹೋಗುವವರು ಹೊಸ್ತಿಲಲ್ಲಿ ನಿಂತವರಂತೆ ಬಹಳ ದಿನ ನರಳುತ್ತಾರೆ ಎಂಬುದು ಊರಿನ ನಂಬಿಕೆ, ಮತ್ತು ನಮ್ಮಲ್ಲಿ ಬಹುತೇಕ ಮನೆಗಳು ಅದನ್ನು ಕಣ್ಣಾರೆ ಕಂಡಿವೆ.

ಇಂಥ ಮಾತುಗಳಿಗಾಗಿಯೇ ಮಾತಿನ ಕಚೇರಿ ಇದೆ. ಹೇಳಿ ಬಂದವರು ಅಲ್ಲಿ ಬರೆಸುತ್ತಾರೆ. ಯಾರು, ಯಾರಿಗೆ, ಏನು ಎಂದು. ಮುಂದೊಮ್ಮೆ ಅದೇ ಸಂದರ್ಭ ಬಂದಾಗ, ಹೇಳುವ ಮೊದಲು ಬಂದು ವಿಚಾರಿಸುತ್ತಾರೆ. ಎಲ್ಲರೆದುರು ಬಾಯಿ ತೆರೆದು ದನಿ ಬಾರದೆ ನಿಲ್ಲುವುದಕ್ಕಿಂತ ದೊಡ್ಡ ಅವಮಾನ ಇಲ್ಲಿಲ್ಲ. ಕಚೇರಿಯಲ್ಲಿ ಎರಡು ಕಿಟಕಿ. ಹಳೆಯ ಕಿಟಕಿಯಲ್ಲಿ ಹಳೆಯ ಕಂಪ್ಯೂಟರಿನ ಮುಂದೆ ದಾನಮ್ಮ ಕೂರುತ್ತಿದ್ದರು. ಹೊಸ ಕಿಟಕಿಯಲ್ಲಿ ಹೊಸ ಕಂಪ್ಯೂಟರಿನ ಮುಂದೆ ನಾನು.

ಒಂದು ಬೆಳಿಗ್ಗೆ ಚಿಕ್ಕತಾಯಮ್ಮ ಎಂಬ ಹೆಂಗಸು ನನ್ನ ಕಿಟಕಿಗೆ ಬಂದರು. ಗಂಡ ದೊಡ್ಡರಸಯ್ಯ ಬೆತ್ತದ ಕುರ್ಚಿ ಹೆಣೆಯುವವರು. ನಾನು ಕೂತಿದ್ದ ಕುರ್ಚಿಯೂ ಅವರದೇ. ವೈದ್ಯರು ಕೈಚೆಲ್ಲಿದ್ದರು. ಹಿಂದೊಮ್ಮೆ ಹೀಗೇ ಆಗಿದ್ದಾಗ ಚಿಕ್ಕತಾಯಮ್ಮ ಹೊರಡುವ ಮಾತನ್ನು ಹೇಳಿಬಿಟ್ಟಿದ್ದರು, ಬಂದು ಬರೆಸಿಯೂ ಇದ್ದರು. ಮರುದಿನ ದೊಡ್ಡರಸಯ್ಯ ಎದ್ದು ಕೂತು ಗಂಜಿ ಕೇಳಿದರು. ಆಮೇಲೆ ಊರೆಲ್ಲ ಅವರನ್ನು ‘ಹೊರಡದ ಅಯ್ಯ’ ಎಂದು ಕರೆಯಿತು. ಅವರೂ ನಗುತ್ತಿದ್ದರು. ಚಿಕ್ಕತಾಯಮ್ಮ ನಗಲಿಲ್ಲ. ತನ್ನ ಮಾತು ಖರ್ಚಾಯಿತಲ್ಲ, ನಿಜವಾದ ದಿನ ಬಂದಾಗ ಏನು ಮಾಡಲಿ ಎಂಬುದು ಅವರ ಎದೆಯಲ್ಲಿ ಉಳಿಯಿತು.

ಹಾಗಿದ್ದರೆ ಈಗ ಯಾಕೆ ಬಂದಿರಿ ಎಂದು ನಾನು ಕೇಳಿದೆ. ಹೊಸ ಕಿಟಕಿಯಲ್ಲಿ ಬೇರೆ ಉತ್ತರ ಬರುತ್ತದೆಂದು ಯಾರೋ ಹೇಳಿದ್ದರಂತೆ. ನಾನು ಹೆಸರು ಹಾಕಿ ಹುಡುಕಿದೆ. ಪರದೆಯ ಮೇಲೆ ‘ಹೇಳಿಲ್ಲ’ ಎಂದು ಬಂತು. ಅವರು ಕಿಟಕಿಯ ಕಂಬಿ ಹಿಡಿದುಕೊಂಡರು. ಮುಖದಲ್ಲಿ ಏನೋ ಸಡಿಲವಾದದ್ದನ್ನು ನಾನು ನೋಡಿದೆ. ಆದರೆ ಪಕ್ಕದಲ್ಲಿ ದಾನಮ್ಮ ತಾವಾಗಿಯೇ ಹುಡುಕಿಬಿಟ್ಟಿದ್ದರು. ಅವರ ಪರದೆಯಲ್ಲಿ ‘ಹೇಳಿದೆ’ ಎಂದಿತ್ತು.

“ನನ್ನದು ಮುದಿ ಯಂತ್ರ ಕಣಪ್ಪ. ಆದ್ರೆ ಮರೆವಿಲ್ಲ,” ಎಂದರು ದಾನಮ್ಮ, ನನ್ನತ್ತ ನೋಡದೆ.

ಚಿಕ್ಕತಾಯಮ್ಮ ಇಬ್ಬರನ್ನೂ ನೋಡಿದರು. ಹಿಂದಿನ ಸಲ ಮೂರು ರಾತ್ರಿ ನಿದ್ದೆಯಿಲ್ಲದೆ ಕೂತಿದ್ದರಂತೆ. ನಿಜಕ್ಕೂ ದನಿ ತೆಗೆದು ಹೇಳಿದೆನೋ, ಹೇಳಿದೆ ಎಂದುಕೊಂಡೆನೋ ಎಂದು ಈಗ ಅನುಮಾನವಂತೆ. ದೊಡ್ಡರಸಯ್ಯನಿಗೆ ಸಾಕಮ್ಮ ಎಂಬ ತಂಗಿ ಇದ್ದಳು, ಅದೇ ಮನೆಯಲ್ಲಿ ಇರುವವಳು. ಅವಳ ಮಾತು ಹಾಗೇ ಇದೆ. ತನ್ನದು ಇಲ್ಲವೆಂದಾದರೆ ಸಾಕಮ್ಮ ಕೂರಬೇಕು. ಇದೆಯೆಂದಾದರೆ ತಾನು.

“ನೀವು ಓದಿದವರು. ಯಾವುದು ನಿಜ ಅಂತ ಹೇಳಿಬಿಡಿ,” ಎಂದರು. “ಅವರು ನನ್ನ ಬಾಯೇ ನೋಡ್ತಾ ಇರ್ತಾರೆ. ಖಾಲಿ ಬಾಯಿ ತೋರಿಸಿ ಕಳಿಸೋಕೆ ನನ್ನಿಂದಾಗಲ್ಲ.”

ನಾಳೆ ಬನ್ನಿ ಎಂದೆ. ಜೀವ ನಾಳೆಯವರೆಗೆ ಇರುತ್ತದೋ ಇಲ್ಲವೋ ತಿಳಿಯದ ಮನೆಯವರಿಗೆ ಅದು ಹೇಳುವ ಮಾತಲ್ಲ.

ಎರಡೂ ಕಂಪ್ಯೂಟರಿನಲ್ಲಿದ್ದದ್ದು ಒಂದೇ ಡೇಟಾಬೇಸ್. ಹಳೆಯದರಿಂದ ಹೊಸದಕ್ಕೆ ನಾನೇ ನಕಲು ಮಾಡಿದ್ದೆ. ಆಪರೇಟಿಂಗ್ ಸಿಸ್ಟಂ ಮಾತ್ರ ಬೇರೆ. ಮೊದಲು ನಕಲಿನಲ್ಲಿ ಏನಾದರೂ ಬಿಟ್ಟುಹೋಗಿದೆಯೇ ನೋಡಿದೆ, ಬಿಟ್ಟಿರಲಿಲ್ಲ. ಕನ್ನಡ ಅಕ್ಷರಗಳು ಒಂದೊಂದು ಸಿಸ್ಟಂನಲ್ಲಿ ಒಂದೊಂದು ರೀತಿ ಕೂತಿರಬಹುದೆಂದು ಅಕ್ಷರ ಅಕ್ಷರವಾಗಿ ಬಿಡಿಸಿ ಹೋಲಿಸಿದೆ. ಎರಡೂ ಕಡೆ ಒಂದೇ. ದಾನಮ್ಮ ಹುಡುಕಲು ಟೈಪ್ ಮಾಡುವ ಕ್ವೆರಿಯನ್ನೇ ನನ್ನ ಯಂತ್ರದಲ್ಲಿ ಹಾಕಿದೆ. ಅವರಿಗೆ ಸಿಗುವುದು ನನಗೆ ಸಿಗಲಿಲ್ಲ. ಪೂರ್ತಿ ಮಾತಿನ ಬದಲು ‘ಹೊರಡು’ ಎಂದು ಶುರುವಾಗುವುದನ್ನೆಲ್ಲ ತೋರಿಸು ಎಂದು ಕೇಳಿದೆ. ಆಗ ಸಿಕ್ಕಿತು. ಚಿಕ್ಕತಾಯಮ್ಮನ ಹೆಸರು, ದೊಡ್ಡರಸಯ್ಯನ ಹೆಸರು, ಆ ಮಾತು. ಕಣ್ಣಿಗೆ ಕಾಣುವಂತೆ ಸರಿಯಾಗಿಯೇ ಇತ್ತು. ಇದ್ದೂ ಯಾಕೆ ಇಲ್ಲ ಎನ್ನುತ್ತಿದೆ?

ಅಂಥ ಹೊತ್ತಿನಲ್ಲಿ ನನಗೆ ಒಂದು ಬಗೆಯ ಸುಖವಿರುತ್ತಿತ್ತು ಎಂದು ಹೇಳಬೇಕು. ಯಂತ್ರದ ಮುಂದೆ ನಾನು ಎಷ್ಟು ಸಲ ಬೇಕಾದರೂ ಅದೇ ಪ್ರಶ್ನೆ ಕೇಳಬಹುದಿತ್ತು. ಅದಕ್ಕೆ ಬೇಸರವಿಲ್ಲ, ನನಗೆ ಖರ್ಚಿಲ್ಲ. ಇಡೀ ಊರಿನಲ್ಲಿ ನಾನು ಒಂದೇ ಮಾತನ್ನು ಮತ್ತೆ ಮತ್ತೆ ಆಡಿದ್ದು ಅದರೊಂದಿಗೆ ಮಾತ್ರ.

ಮಾತಿನ ಉದ್ದ ಎಷ್ಟು ಎಂದು ಕೇಳಿದೆ. ನೋಡಲು ಬೆರಳೆಣಿಕೆಯ ಅಕ್ಷರ. ಯಂತ್ರ ಹೇಳಿದ ಉದ್ದ ಹಲವು ಪುಟಕ್ಕೆ ಆಗುವಷ್ಟಿತ್ತು. ಆಮೇಲೆ ಮಾತಿನ ಎರಡು ತುದಿಗೂ ಒಂದೊಂದು ಗೆರೆ ಹಾಕಿ ತೋರಿಸಲು ಹೇಳಿದೆ. ಮೊದಲ ಗೆರೆ ‘ಹೊರಡು’ವಿಗೆ ಅಂಟಿಕೊಂಡಿತ್ತು. ಎರಡನೆಯ ಗೆರೆ ಕಾಣಲಿಲ್ಲ. ಪರದೆಯನ್ನು ಕೆಳಕ್ಕೆ ಸರಿಸುತ್ತಾ ಹೋದೆ. ಬರೀ ಬಿಳಿ. ಬಹಳ ಕೆಳಗೆ, ಯಾರೂ ಇಲ್ಲದ ಬಯಲಿನಲ್ಲಿ ನೆಟ್ಟ ಗೂಟದಂತೆ, ಆ ಗೆರೆ ನಿಂತಿತ್ತು.

ದಾನಮ್ಮನನ್ನು ಕರೆದು ತೋರಿಸಿದೆ. ಇದು ಏನು ಎಂದು ಅವರಿಗೂ ಮೊದಲು ಹೊಳೆಯಲಿಲ್ಲ. ಆಮೇಲೆ ತಮ್ಮ ಕೀಬೋರ್ಡನ್ನು ನೋಡಿಕೊಂಡರು. ಕಚೇರಿಯಲ್ಲಿ ಒಂದು ಹಳೆಯ ಮರ್ಯಾದೆ ಇತ್ತು. ಬರೆಸಲು ಬಂದವರು ಮಾತು ಹೇಳಿ ಮುಗಿಸಿದ ಮೇಲೂ ಕೆಲವರು ಕಿಟಕಿಯಲ್ಲೇ ನಿಂತಿರುತ್ತಾರೆ. ಅವರು ಹೋಗುವ ಮೊದಲು ಕೈ ತೆಗೆದರೆ ‘ನಿಮ್ಮದು ಮುಗಿಯಿತು, ನಡೆಯಿರಿ’ ಎಂದಂತೆ. ಅದಕ್ಕೆ ಗುಮಾಸ್ತರು ಕೈಯನ್ನು ಕೀಬೋರ್ಡಿನ ಮೇಲೇ ಇಟ್ಟುಕೊಂಡು ಕಾಯುತ್ತಿದ್ದರು. ಹೆಬ್ಬೆರಳು ಕೂರುವುದು ಕೆಳಗಿನ, ಪದಗಳ ನಡುವೆ ಜಾಗ ಬಿಡುವ ಉದ್ದ ಗುಂಡಿಯ ಮೇಲೆ. ಒಬ್ಬರು ನಿಂತಷ್ಟು ಹೊತ್ತೂ ಅವರ ಮಾತಿನ ಹಿಂದೆ ಖಾಲಿ ಜಾಗ ಸೇರುತ್ತಾ ಹೋಗಿತ್ತು. ಬರೆಸಿ ಸರಸರನೆ ಹೋದವರ ಮಾತು ಎರಡೂ ಕಿಟಕಿಯಲ್ಲಿ ಸಿಗುತ್ತಿತ್ತು. ನಿಂತುಕೊಂಡವರದು ಮಾತ್ರ ನನ್ನ ಕಿಟಕಿಯಲ್ಲಿ ಕಳೆದುಹೋಗುತ್ತಿತ್ತು. ಹಳೆಯ ಸಿಸ್ಟಂ ಎರಡು ಮಾತುಗಳನ್ನು ಹೋಲಿಸುವಾಗ ಕೊನೆಯ ಖಾಲಿಯನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಹೊಸದು ಖಾಲಿಯನ್ನೂ ಅಕ್ಷರದಷ್ಟೇ ಗಂಭೀರವಾಗಿ ನೋಡುತ್ತಿತ್ತು.

“ಎದ್ದು ಹೋಗಿ ಅನ್ನೋಕಾಗುತ್ತಾ ಅವರಿಗೆ,” ಎಂದರು ದಾನಮ್ಮ. ಅಷ್ಟೇ ಅವರ ಸಮರ್ಥನೆ.

ಮೇಲಧಿಕಾರಿ ಪರಮಶಿವಯ್ಯನವರಿಗೆ ವಿಷಯ ತಿಳಿಸಿದೆ. ಅವರು ಅರ್ಧ ಕೇಳಿ, ಕೊನೆಯ ಖಾಲಿಯನ್ನೆಲ್ಲ ಕತ್ತರಿಸಿ ಬಿಸಾಕಲು ಹೇಳಿದರು. ಕತ್ತರಿಸಬೇಕಾಗಿಲ್ಲ, ಹುಡುಕುವಾಗ ಮಾತ್ರ ಖಾಲಿಯನ್ನು ಬದಿಗಿಡುವಂತೆ ಕ್ವೆರಿಯನ್ನು ಬದಲಿಸಿದರೆ ಸಾಕು ಎಂದೆ. ಎರಡಕ್ಕೂ ವ್ಯತ್ಯಾಸವೇನು ಎಂದರು. ನಿಂತವರು ನಿಂತ ಹೊತ್ತು ಅಳಿಸಿಹೋಗುವುದಿಲ್ಲ ಎಂದೆ. ಅವರು ಏನಾದರೂ ಮಾಡಿಕೋ ಎಂದು ಕೈಬೀಸಿದರು.

ಯಂತ್ರದ ತೊಂದರೆ ಅಲ್ಲಿಗೆ ಮುಗಿದಿತ್ತು. ನನ್ನ ತೊಂದರೆ ಮುಗಿದಿರಲಿಲ್ಲ. ಎರಡು ಸಿಸ್ಟಂಗಳು ಬೇರೆ ಬೇರೆ ಉತ್ತರ ಕೊಡುವುದು ಯಾಕೆಂದು ಗೊತ್ತಾಯಿತು. ಆದರೆ ನಮ್ಮ ಗಂಟಲುಗಳನ್ನು ಕಟ್ಟುವ ಆ ಕಟ್ಟು ಇವೆರಡರಲ್ಲಿ ಯಾವುದರಂತಿದೆ? ಕಿಟಕಿಯಲ್ಲಿ ಅಷ್ಟು ಹೊತ್ತು ನಿಂತವರು ಮಾತು ಹೇಳಿದಲ್ಲಿಯೂ ಹಾಗೇ ನಿಂತಿದ್ದಿರಬೇಕು. ಕೊನೆಗೆ ಅಷ್ಟು ಮೌನವಿದ್ದ ಮಾತು, ಮೌನವಿಲ್ಲದ ಅದೇ ಮಾತಿಗಿಂತ ಬೇರೆ ಎಂದು ಅದು ಎಣಿಸಿದರೆ? ಹಾಗಿದ್ದರೆ ಚಿಕ್ಕತಾಯಮ್ಮನ ಮಾತು ಇನ್ನೂ ಅವರ ಬಳಿ ಇದೆ. ಹಾಗೇ ಇರಲಿ ಎಂದು ನನಗೆ ಎಷ್ಟು ಆಸೆಯಾಯಿತೆಂದರೆ ನನಗೇ ಗಾಬರಿಯಾಯಿತು. ಮೌನಕ್ಕೂ ತೂಕವಿದೆ ಎಂದು ನಂಬಿಕೊಂಡು ಬದುಕಿದವನು ನಾನು.

ತಿಳಿಯಲು ಒಂದೇ ದಾರಿಯಿತ್ತು. ನನ್ನ ಕಿಟಕಿಯಲ್ಲಿ ‘ಹೇಳಿಲ್ಲ’ ಎಂದು ತಪ್ಪು ಉತ್ತರ ಪಡೆದು ಹೋದವರಲ್ಲಿ ಯಾರಾದರೂ ನಿಜಕ್ಕೂ ಹೇಳಲು ಹೋಗಿದ್ದರೆ ಅವರನ್ನು ಕೇಳುವುದು. ಹಾಗೆ ಹುಡುಕಿದಾಗ ಗವಿಯಪ್ಪನ ಹೆಸರು ಸಿಕ್ಕಿತು. ಹಗ್ಗ ಹೊಸೆಯುವವನು, ತಮ್ಮನೊಂದಿಗೆ ಎರಡನೆಯ ಸಲ ಮುನಿಸಿಕೊಂಡು ಎರಡನೆಯ ಸಲ ಕೂಡಲು ಹೊರಟಿದ್ದವನು. ಸಂಜೆಯ ಮೊದಲೇ ಅವನ ಮನೆಗೆ ಹೋದೆ. ಅಂಗಳದಲ್ಲಿ ಒಬ್ಬನೇ ನಾರು ಬಿಡಿಸುತ್ತಿದ್ದ. ಮಾತು ಬಂತೇ ಎಂದು ಕೇಳಿದ್ದಕ್ಕೆ ತಲೆ ಎತ್ತಲಿಲ್ಲ.

“ಬರಲಿಲ್ಲ,” ಎಂದ.

ದೂರು ಕೊಡಬೇಕಿತ್ತಲ್ಲ ಎಂದೆ. ಬಾಯಿ ಬಿಟ್ಟು ದನಿ ಬರಲಿಲ್ಲ ಎಂದು ಯಾರು ಹೋಗಿ ಬರೆಸುತ್ತಾರೆ, ಎಂದು ಕೇಳಿದ. ಅಣ್ಣ ತನ್ನನ್ನು ಅಣಕಿಸಲು ಬಂದಿದ್ದಾನೆಂದು ತಿಳಿದು ತಮ್ಮ ಬಾಗಿಲು ಹಾಕಿಕೊಂಡನಂತೆ. “ನಿಮ್ಮ ಹೊಸ ಯಂತ್ರಕ್ಕೆ ಗಂಟಲಿದ್ದಿದ್ರೆ ಗೊತ್ತಾಗ್ತಿತ್ತು,” ಎಂದು ಸೇರಿಸಿದ. ನಾನು ನಿಮ್ಮ ತಮ್ಮನ ಮನೆಗೆ ಹೋಗಿ ತಪ್ಪು ಕಚೇರಿಯದು ಎಂದು ತಿಳಿಸುತ್ತೇನೆ ಎಂದೆ. ಅವನು ಕೈಯಲ್ಲಿದ್ದ ನಾರನ್ನು ಕೆಳಗಿಟ್ಟ. ಆಮೇಲೆ ತಮ್ಮನ ಮನೆ ಯಾವುದೆಂದು ಗಲ್ಲದಿಂದ ತೋರಿಸಿದ. ಅಲ್ಲಿಗೆ ಹೋಗಿ ಹೇಳಿ, ಕೋಣೆಗೆ ಮರಳಿದೆ. ಕೊನೆಯ ಮೌನವನ್ನು ಲೋಕ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಳೆಯ ಯಂತ್ರವೇ ಲೋಕದಂತಿತ್ತು.

ಮರುದಿನ ಕಚೇರಿಯ ಬಾಗಿಲು ತೆರೆಯುವ ಮೊದಲೇ ಚಿಕ್ಕತಾಯಮ್ಮ ಮೆಟ್ಟಿಲ ಮೇಲೆ ಕೂತಿದ್ದರು. ಒಳಗೆ ಕರೆದು ಕೂರಿಸಿ, ನಿಮ್ಮ ಮಾತು ಉಳಿದಿಲ್ಲ ಎಂದು ಹೇಳಿದೆ. ಸುತ್ತಿ ಬಳಸಿ ಹೇಳಲು ನನಗೆ ಬರಲಿಲ್ಲ. ಅವರು ಅಳಲಿಲ್ಲ. ಹೊಸ ಯಂತ್ರ ಯಾಕೆ ಸುಳ್ಳು ಹೇಳಿತು ಎಂದಷ್ಟೇ ಕೇಳಿದರು. ಪರದೆಯನ್ನು ಅವರ ಕಡೆ ತಿರುಗಿಸಿ ಆ ಮಾತನ್ನೂ, ಅದರ ಹಿಂದಿನ ಬಿಳಿಯನ್ನೂ ತೋರಿಸಿದೆ. ನಾನು ಕೆಳಕ್ಕೆ ಸರಿಸುತ್ತಾ ಹೋದಂತೆ ಅವರು ಮುಂದಕ್ಕೆ ಬಾಗಿ ನೋಡುತ್ತಿದ್ದರು.

“ಇದೆಲ್ಲ ನಾನು ನಿಂತಿದ್ದಾ?”

ಹೌದು ಎಂದೆ.

“ಮನೆಗೆ ಹೋಗೋಕೆ ಭಯವಾಗಿತ್ತು. ಹೋದ್ರೆ ಅವರು ಇರಲ್ಲ ಅಂತ. ಇಲ್ಲಿ ನಿಂತಷ್ಟು ಹೊತ್ತೂ ಅವರು ಇರ್ತಾರೆ ಅಂದ್ಕೊಂಡಿದ್ದೆ.”

ದಾನಮ್ಮ ತಮ್ಮ ಕಿಟಕಿಯಲ್ಲಿ ಏನನ್ನೋ ಹುಡುಕುವವರಂತೆ ತಲೆ ತಗ್ಗಿಸಿದರು. ಚಿಕ್ಕತಾಯಮ್ಮ ಎದ್ದರು. ಸಾಕಮ್ಮನಿಗೆ ಈ ವಿಷಯ ಹೇಳಲು ತಮ್ಮಿಂದಾಗುವುದಿಲ್ಲ, ನೀವೇ ಬಂದು ಹೇಳಿ ಎಂದು ನನ್ನನ್ನು ಕರೆದರು. ಯಾರ ಮನೆಗೂ ಹೋಗಿ ಅಭ್ಯಾಸವಿಲ್ಲದವನು ನಾನು. ಆದರೂ ಚಪ್ಪಲಿ ಮೆಟ್ಟಿಕೊಂಡೆ.

ಆ ಮನೆಯ ತುಂಬ ಅರ್ಧ ಹೆಣೆದ ಕುರ್ಚಿಗಳಿದ್ದವು. ದೊಡ್ಡರಸಯ್ಯ ಒಳಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಉಸಿರು ದೂರದಿಂದ ಬರುವಂತೆ ಕೇಳುತ್ತಿತ್ತು. ಸಾಕಮ್ಮ ತೆಳ್ಳಗಿನ, ಬಿಗಿಮುಖದ ಹೆಂಗಸು. ಮದುವೆಯಾಗಿ ಹೋಗಿದ್ದ ಮನೆಯಿಂದ ಚಿಕ್ಕ ವಯಸ್ಸಿನಲ್ಲೇ ಹಿಂದಿರುಗಿ, ಅಣ್ಣನಿಗೆ ಬೆತ್ತ ಸೀಳಿಕೊಡುತ್ತಾ ಅಲ್ಲೇ ಉಳಿದವಳು. ನಾನು ಕಚೇರಿಯಿಂದ ಬಂದಿದ್ದೇನೆ ಎಂದಾಗಲೇ ಅವಳಿಗೆ ಅರ್ಥವಾಯಿತು. ಮಾತು ನಿಮ್ಮ ಪಾಲಿಗೆ ಬಂದಿದೆ ಎಂದು ಹೇಳಿದೆ. ಅವಳು ಅತ್ತಿಗೆಯ ಮುಖ ನೋಡಲಿಲ್ಲ. ಒಳಗೆ ಹೋಗಿ ಕೈಕಾಲು ತೊಳೆದು, ಸೀರೆ ಬದಲಿಸಿ ಬಂದಳು. ಎಷ್ಟೋ ಕಾಲದಿಂದ ಅವಳು ಈ ಮಾತಿಗೆ ತಯಾರಾಗಿದ್ದಳು ಎಂದು ಆ ಸೀರೆ ನೋಡಿದಾಗ ತಿಳಿಯಿತು. ಮಡಿಕೆ ಬಿಚ್ಚಿರದ ಸೀರೆ ಅದು.

ಸಾಕಮ್ಮ ಅಣ್ಣನ ತಲೆಯ ಬಳಿ ಕೂತಳು. ಚಿಕ್ಕತಾಯಮ್ಮ ಬಾಗಿಲ ಚೌಕಟ್ಟಿಗೆ ಒರಗಿ ನಿಂತರು, ನಾನು ಅವರ ಹಿಂದೆ. ಸಾಕಮ್ಮ ಅಣ್ಣನ ಮುಖವನ್ನು ಎರಡೂ ಕೈಯಿಂದ ಮೆಲ್ಲಗೆ ತನ್ನ ಕಡೆ ತಿರುಗಿಸಿದಳು. ದೊಡ್ಡರಸಯ್ಯ ಕಣ್ಣು ತೆರೆದರು. ತಂಗಿಯನ್ನು ನೋಡಿದರು, ಗುರುತಿಸಿದರು. ಆಮೇಲೆ ಅವರ ಕಣ್ಣು ಅವಳ ಹೆಗಲ ಮೇಲಿಂದ ಆಚೆ ಹೋಯಿತು. ಕೋಣೆಯೆಲ್ಲ ಹುಡುಕಿ ಬಾಗಿಲ ಬಳಿ ನಿಂತಿತು.

ಸಾಕಮ್ಮ ಬಾಯಿ ತೆರೆದವಳು ಮುಚ್ಚಿದಳು. ತಿರುಗಿ ನೋಡಲಿಲ್ಲ. ಅಣ್ಣನ ಕಣ್ಣು ಎಲ್ಲಿದೆಯೆಂದು ತಿಳಿಯಲು ಅವಳು ತಿರುಗಬೇಕಾಗಿರಲಿಲ್ಲ.

“ಅತ್ತಿಗೆ, ನೀವೇ ಬನ್ನಿ,” ಎಂದಳು.

“ನಂದು ಆಗೋಯ್ತಲ್ಲೇ ಸಾಕಿ.”

“ಗೊತ್ತು. ಬನ್ನಿ.”

ಅವಳು ಎದ್ದ ಜಾಗದಲ್ಲಿ ಚಿಕ್ಕತಾಯಮ್ಮ ಕೂತರು. ಬಹಳ ಹೊತ್ತು ಗಂಡನ ಮುಖವನ್ನು ನೋಡಿದರು. ಆಮೇಲೆ ಹೇಳಿದರು. ತುಟಿ ಆಡಿತು, ದನಿ ಬರಲಿಲ್ಲ. ಏನೂ ಬರಲಿಲ್ಲ, ಉಸಿರಿನ ಸದ್ದು ಕೂಡ. ಊರೆಲ್ಲ ಅಂಜುವ ಆ ಖಾಲಿ ಬಾಯಿಯನ್ನು ನಾನು ಮೊದಲ ಸಲ ಅಷ್ಟು ಹತ್ತಿರದಿಂದ ನೋಡಿದೆ. ದೊಡ್ಡರಸಯ್ಯ ಅದನ್ನೇ ನೋಡುತ್ತಿದ್ದರು. ತುಟಿ ನಿಂತ ಮೇಲೂ ನೋಡಿದರು.

“ಕೇಳ್ತು,” ಎಂದರು.

ಒಂಟಿ ಪದ. ಅದನ್ನು ಅವರು ಆ ಮನೆಯಲ್ಲಿ ಎಷ್ಟು ಸಾವಿರ ಸಲ ಆಡಿದ್ದರೋ. ಬಿಸಿಲು ಅಂಗಳ ದಾಟುವ ಮೊದಲು ಉಸಿರು ನಿಂತಿತು. ನರಳಲಿಲ್ಲ.

ಜನ ಬರತೊಡಗಿದರು. ಹೆಂಗಸರು ಚಿಕ್ಕತಾಯಮ್ಮನ ಸುತ್ತ ಕೂತರು, ಹೊರಗೆ ಗಂಡಸರು ಬಿದಿರು ತರಲು ಹೊರಟರು. ನನಗೆ ಅಲ್ಲಿ ಕೆಲಸವಿರಲಿಲ್ಲ. ಹಿತ್ತಿಲ ಬಾಗಿಲಿನಿಂದ ಹೊರಬಿದ್ದಾಗ ಸಾಕಮ್ಮ ನೀರು ತೊಟ್ಟಿಯ ಕಟ್ಟೆಯ ಮೇಲೆ ಒಬ್ಬಳೇ ಕೂತಿದ್ದಳು. ಹೊಸ ಸೀರೆಯ ಮಡಿಕೆಯ ಗೆರೆಗಳು ಇನ್ನೂ ಹಾಗೇ ಇದ್ದವು. ಅವಳನ್ನು ಕೇಳಲು ಯಾರೂ ಬಂದಿರಲಿಲ್ಲ. ಅವಳು ನನ್ನನ್ನು ನೋಡಿದಳು, ಆದರೆ ನನಗೆ ಹೇಳುತ್ತಿರುವಂತೆ ಇರಲಿಲ್ಲ.

“ನಂದು ಹಾಗೇ ಉಳೀತು,” ಎಂದಳು. “ಇನ್ನು ಯಾರಿಗೆ ಹೇಳ್ಲಿ ಅದನ್ನ.”

ಸಮಾಧಾನದ ಮಾತುಗಳು ನನ್ನಲ್ಲಿ ಬಹಳ ಇದ್ದವು. ಇಡೀ ಊರಿನಲ್ಲಿ ಯಾರ ಬಳಿಯೂ ಅಷ್ಟಿರಲಾರವು, ಯಾಕೆಂದರೆ ಅವುಗಳನ್ನು ನಾನು ಯಾರಿಗೂ ಹೇಳಿರಲಿಲ್ಲ. ಅಂಥ ಒಂದನ್ನು ಆರಿಸಿಕೊಳ್ಳಲು ನಿಂತೆ. ಯಾವುದೂ ಅವಳ ಅಳತೆಗೆ ಇರಲಿಲ್ಲ. ಉಳಿಸಿದ್ದು ಉಳಿದಲ್ಲೇ ಒಣಗಿಹೋಗಿತ್ತು. ಹೋಗಿಬಿಡಬಹುದಿತ್ತು, ಹಿತ್ತಿಲ ಬಾಗಿಲು ತೆರೆದೇ ಇತ್ತು.

ಕಟ್ಟೆಯ ಇನ್ನೊಂದು ತುದಿಯಲ್ಲಿ ಕೂತೆ. ಒಳಗೆ ಅಳು ಏರಿ ಇಳಿಯುತ್ತಿತ್ತು. ಸಾಕಮ್ಮ ಸೀಳಿ ಒಗೆದ ಬೆತ್ತದ ಸಿಪ್ಪೆಯೊಂದನ್ನು ಎತ್ತಿ ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು.

“ನಿಮ್ಮಣ್ಣನ ಬಗ್ಗೆ ಏನಾದ್ರೂ ಹೇಳಿ,” ಎಂದೆ.

ಅವಳು ಬೆರಳಿನಿಂದ ಸಿಪ್ಪೆಯನ್ನು ಬಿಚ್ಚಿ ಪಕ್ಕಕ್ಕಿಟ್ಟಳು. ಅವನಿಗೆ ಎಡಗೈ ಬಲಗೈಗಿಂತ ಚುರುಕಾಗಿತ್ತು ಎಂದು ಶುರುಮಾಡಿದಳು.